ಬ್ಯಾಲರಾಟ್‌ನಲ್ಲಿ ಹಳೆ ಮನೆ ಕೊಳ್ಳುವುದು: ಮೊದಲು ನೆಲದಡಿ ನೋಡಿ, ಆಮೇಲೆ ಸಹಿ ಹಾಕಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬ್ಯಾಲರಾಟ್, 1851ರಲ್ಲಿ ಚಿನ್ನ ಸಿಕ್ಕಿದ ಮೇಲೆ ಎದ್ದು ನಿಂತ ಊರು. ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಸುಮಾರು 110 ಕಿ.ಮೀ. ಕಬ್ಬಿಣದ ಜಾಲರಿಯ ವೆರಾಂಡಾ, ಮೂರು ಮೀಟರಿಗಿಂತ ಎತ್ತರದ ಒಳಮಾಡು, ನಡುವೆ ಉದ್ದಕ್ಕೆ ಹೋಗುವ ಓಣಿಯಂಥ ಹಾಲ್, ಹಿಂದುಗಡೆ ತಗ್ಗು ಮಾಡಿನ ಅಡುಗೆಮನೆ. ಇಂಥ ಮನೆಗಳಿಗೆ ಮನಸೋಲುವುದು ಸಹಜ. ಆದರೆ ಶನಿವಾರ ಅರ್ಧ ಗಂಟೆ ಮನೆ ನೋಡಿ ಸೋಮವಾರ ಸಹಿ ಹಾಕಿದವರು ಜೂನ್‌ನ ಚಳಿಗಾಲ ಬಂದಾಗ ಗೋಡೆಯ ಬುಡದಲ್ಲಿ ತೇವದ ವಾಸನೆ ಹಿಡಿಯುತ್ತಾರೆ. ಆಮೇಲೆ ಅದಕ್ಕೆ ಸಿಮೆಂಟ್ ಬಳಿದು ಇನ್ನಷ್ಟು ಕೆಡಿಸುತ್ತಾರೆ. ಎರಡನ್ನೂ ತಪ್ಪಿಸಬಹುದು.

ಮೊದಲು: ನೀವು ಕೊಳ್ಳಬಹುದೇ?

ಸಬ್‌ಕ್ಲಾಸ್ 491 ವೀಸಾದಲ್ಲಿ ಇಂಥ ಊರುಗಳಿಗೆ ಬರುವ ಕನ್ನಡಿಗ ಕುಟುಂಬಗಳು ಇಲ್ಲೇ ಎಡವುವುದು. 491 ತಾತ್ಕಾಲಿಕ ವೀಸಾ. 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಘೋಷಿಸಿರುವ ನಿಷೇಧದ ಪ್ರಕಾರ ತಾತ್ಕಾಲಿಕ ವೀಸಾದವರು ಈಗಾಗಲೇ ಕಟ್ಟಿದ ಮನೆಯನ್ನು ಕೊಳ್ಳುವಂತಿಲ್ಲ. ಹಳೆ ಮನೆ ಎಂದರೆ ಅದೇ. ಗಂಡ ಅಥವಾ ಹೆಂಡತಿ ಪರ್ಮನೆಂಟ್ ರೆಸಿಡೆಂಟ್ ಆಗಿದ್ದು ಇಬ್ಬರೂ ಜಂಟಿಯಾಗಿ ಕೊಳ್ಳುವುದಾದರೆ ವಿನಾಯಿತಿ ಇದೆ. ಉಳಿದವರು ಪಿ.ಆರ್. ಬರುವವರೆಗೆ ಬಾಡಿಗೆಗಿರಿ. ಒಂದು ಪೂರ್ತಿ ಚಳಿಗಾಲ ಬಾಡಿಗೆಗಿದ್ದು ಊರು ನೋಡಿದವರು ಒಳ್ಳೆಯ ಮನೆಯನ್ನೇ ಆರಿಸುತ್ತಾರೆ.

ದುಡ್ಡು

ಮೊದಲ ಮನೆ ಕೊಳ್ಳುವವರಿಗೆ ವಿಕ್ಟೋರಿಯಾದಲ್ಲಿ 6 ಲಕ್ಷ ಡಾಲರ್‌ವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ, ಏಳೂವರೆ ಲಕ್ಷದವರೆಗೆ ರಿಯಾಯಿತಿ ಇದೆ. ಆದರೆ ಮನೆ ಕೈಗೆ ಬಂದ 12 ತಿಂಗಳೊಳಗೆ ವಾಸಕ್ಕೆ ಹೋಗಿ ಕನಿಷ್ಠ 12 ತಿಂಗಳು ಸತತವಾಗಿ ಅಲ್ಲೇ ಇರಬೇಕು. ಮೈಸೂರಿನಲ್ಲಿ ಸ್ವಂತ ಮನೆ ಇದ್ದರೂ ಇದಕ್ಕೆ ಅಡ್ಡಿಯಿಲ್ಲ, ಲೆಕ್ಕಕ್ಕೆ ಬರುವುದು ಆಸ್ಟ್ರೇಲಿಯಾದ ಆಸ್ತಿ ಮಾತ್ರ. ಹತ್ತು ಸಾವಿರ ಡಾಲರ್‌ನ ಸರ್ಕಾರಿ ಗ್ರಾಂಟ್ ಹೊಸ ಮನೆಗಷ್ಟೇ, ಅದನ್ನು ಲೆಕ್ಕದಿಂದ ತೆಗೆದುಬಿಡಿ.

ನಕ್ಷೆ

ವಿಕ್‌ಪ್ಲಾನ್ ಎಂಬ ಸರ್ಕಾರಿ ನಕ್ಷೆಯಲ್ಲಿ ವಿಳಾಸ ಹಾಕಿದರೆ ಆ ಆಸ್ತಿಯ ಪ್ಲಾನಿಂಗ್ ವರದಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ಎಚ್‌ಒ' ಮತ್ತು ಒಂದು ಸಂಖ್ಯೆ ಕಂಡರೆ ಮನೆ ಹೆರಿಟೇಜ್ ಓವರ್‌ಲೇ, ಅಂದರೆ ಹಳೆ ಕಟ್ಟಡಗಳನ್ನು ಕಾಪಾಡಲು ಗುರುತಿಸಿದ ಪ್ರದೇಶದ ಒಳಗಿದೆ. ಕೆಡವಲು, ಹೊಸದಾಗಿ ಕಟ್ಟಲು, ಹೊರರೂಪ ಬದಲಿಸಲು ಕೌನ್ಸಿಲ್‌ನ (ಊರಿನ ನಗರಸಭೆಯ) ಅನುಮತಿ ಬೇಕು. ಈವರೆಗೆ ಬಣ್ಣ ಕಾಣದ ಇಟ್ಟಿಗೆಗೆ ಬಣ್ಣ ಬಳಿಯಲೂ ಬೇಕು. ಅದೇ ಸಾಮಗ್ರಿಯಲ್ಲಿ, ಅದೇ ರೀತಿಯಲ್ಲಿ ಮಾಡುವ ದುರಸ್ತಿಗೆ ಬೇಡ. ಒಳಗೋಡೆಗಳಿಗೆ ನಿರ್ಬಂಧ ಇದೆಯೇ ಎಂಬುದು ಓವರ್‌ಲೇಯ ಷೆಡ್ಯೂಲ್‌ನಲ್ಲಿ ಆ ಸಂಖ್ಯೆಯ ಎದುರಿಗಿರುತ್ತದೆ. ಏಜೆಂಟರ ಬಾಯಿಮಾತು ನಂಬದೆ ಅದನ್ನು ತೆರೆದು ಓದಿ. ಮನೆ ರಾಜ್ಯದ ಹೆರಿಟೇಜ್ ರಿಜಿಸ್ಟರ್‌ನಲ್ಲೂ ಇದ್ದರೆ ಅನುಮತಿ ಕೊಡುವುದು ಹೆರಿಟೇಜ್ ವಿಕ್ಟೋರಿಯಾ ಎಂಬ ರಾಜ್ಯ ಸಂಸ್ಥೆ, ಅಲ್ಲಿನ ನಿಯಮ ಇನ್ನೂ ಬಿಗಿ.

ಚಿನ್ನದ ಊರಾದ್ದರಿಂದ ಹಳೆ ಗಣಿ ಬಾವಿಗಳ ವಿಚಾರವೂ ಇದೆ. ರಾಜ್ಯದ ಜಿಯೋವಿಕ್ ನಕ್ಷೆಯಲ್ಲಿ ದಾಖಲಾದ ಗಣಿ ಕೆಲಸಗಳು ಕಾಣುತ್ತವೆ. ದಾಖಲಾಗದವೂ ಇವೆ. ಆದ್ದರಿಂದ ಹಿತ್ತಿಲಿನಲ್ಲಿ ಕಾರಣವಿಲ್ಲದೆ ಕುಸಿದ ಗುಂಡಿ ಕಂಡರೆ ಅದನ್ನು ಮನೆ ಪರೀಕ್ಷಿಸಲು ಬರುವ ಇನ್‌ಸ್ಪೆಕ್ಟರಿಗೆ ತೋರಿಸಿ.

ಕಾಗದ

ಮಾರುವವರು ಸಹಿಗೆ ಮುಂಚೆ 'ಸೆಕ್ಷನ್ 32' ಎಂಬ ಆಸ್ತಿಯ ವಿವರಪತ್ರ ಕೊಡಲೇಬೇಕು. ಮಾಲೀಕತ್ವ, ಅಡಮಾನ, ಈಸ್‌ಮೆಂಟ್ (ನಿಮ್ಮ ಜಾಗದ ಮೇಲೆ ಬೇರೆಯವರಿಗಿರುವ ಬಳಕೆಯ ಹಕ್ಕು), ಓವರ್‌ಲೇ, ತೆರಿಗೆ, ಕಳೆದ 7 ವರ್ಷಗಳ ಕಟ್ಟಡ ಪರವಾನಗಿಗಳು ಅದರಲ್ಲಿರುತ್ತವೆ. ಗೋಡೆ ಒದ್ದೆಯೇ, ನೆಲ ಗಟ್ಟಿಯೇ ಎಂಬುದು ಅದರಲ್ಲಿ ಇರುವುದಿಲ್ಲ. ಹಿಂದಿನ ಬಾತ್‌ರೂಮ್ ಹೊಸದಾಗಿ ಕಾಣುತ್ತಿದ್ದು ಪರವಾನಗಿಯ ಪಟ್ಟಿ ಖಾಲಿ ಇದ್ದರೆ ಕೇಳಿ. ಇದನ್ನೆಲ್ಲ ಓದಲು ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡುವ ನಿಮ್ಮದೇ ಕನ್ವೇಯನ್ಸರ್ ಇರಲಿ, ಏಜೆಂಟ್ ಹೇಳಿದವರು ಬೇಡ.

ನೆಲದಡಿ ಮತ್ತು ಗೋಡೆಯ ಬುಡ

ಸಮಯ ಮತ್ತು ದುಡ್ಡು ಎರಡನ್ನೂ ಇಲ್ಲಿ ಸುರಿಯಿರಿ. ಹಳೆ ಮನೆಯ ಮರದ ನೆಲ ಸ್ಟಂಪ್ ಎಂಬ ಗಿಡ್ಡ ಕಂಬಗಳ ಮೇಲೆ ಕೂತಿರುತ್ತದೆ. ಹಿಂದೆ ಅವು ರೆಡ್ ಗಮ್ ಮರದವು. ಮೇಲಿಂದ ನೋಡಿದರೆ ಕಂಬ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕೊಳೆತಿರುತ್ತದೆ. ಆ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕು, ಸಲೀಸಾಗಿ ಒಳಹೋದರೆ ಕಂಬ ಹೋಯಿತು. ಒಳಗೆ ನಿಂತೂ ಗುರುತಿಸಬಹುದು: ಬಾಗಿಲಿನ ಮೇಲಂಚನ್ನು ಓರೆಯಾಗಿ ಕೊಯ್ದಿರುತ್ತಾರೆ, ಚೌಕಟ್ಟಿನ ಮೂಲೆಯಿಂದ ಗೋಡೆಗೆ ಓರೆ ಬಿರುಕು ಏರಿರುತ್ತದೆ, ಒಲೆಗೂಡಿನ ಕಡೆಗೆ ಅಥವಾ ಅಲ್ಲಿಂದ ಆಚೆಗೆ ನೆಲ ಇಳಿದಿರುತ್ತದೆ.

ಬಿಲ್ಡಿಂಗ್ ಮತ್ತು ಪೆಸ್ಟ್ ಇನ್‌ಸ್ಪೆಕ್ಷನ್ ಮಾಡಿಸಿದೆವಲ್ಲ ಎಂದು ನಿಶ್ಚಿಂತರಾಗುವವರು ವರದಿಯ ಒಂದು ಸಾಲು ಬಿಟ್ಟಿರುತ್ತಾರೆ: 'ನೆಲದಡಿ ಪ್ರವೇಶ ಸಾಧ್ಯವಾಗಲಿಲ್ಲ'. ಇಂಥ ಎಷ್ಟೋ ಮನೆಗಳಲ್ಲಿ ನೆಲಕ್ಕೂ ಮಣ್ಣಿಗೂ ನಡುವೆ ಮನುಷ್ಯ ತೆವಳುವಷ್ಟು ಜಾಗ ಇರುವುದಿಲ್ಲ. ಆ ಸಾಲು ಇದ್ದ ವರದಿ ಸ್ಟಂಪ್‌ಗಳ ಬಗ್ಗೆಯೂ ಗೆದ್ದಲಿನ ಬಗ್ಗೆಯೂ ಏನೂ ಹೇಳಿಲ್ಲ ಎಂದೇ ಅರ್ಥ. ಇನ್‌ಸ್ಪೆಕ್ಟರನ್ನು ಗೊತ್ತುಮಾಡುವ ಮೊದಲೇ ಏಜೆಂಟರಿಗೆ ಇಮೇಲ್ ಬರೆಯಿರಿ: ಕಪಾಟಿನೊಳಗೋ ಹಾಸಿನಡಿಯೋ ಎರಡು ಹಲಗೆ ಎತ್ತಲು ಮಾಲೀಕರ ಒಪ್ಪಿಗೆ ಬೇಕು. ಒಪ್ಪದಿದ್ದರೆ, ಸ್ಟಂಪ್ ಎಲ್ಲವನ್ನೂ ಬದಲಿಸುವ ಖರ್ಚು ನಿಮ್ಮ ತಲೆಗೇ ಎಂದುಕೊಂಡು ಬೆಲೆ ಹೇಳಿ.

ಇನ್ನು ತೇವ. ಕೆಂಪಿಟ್ಟಿಗೆಯ ಮನೆಗಳನ್ನು ಮೃದುವಾದ ಇಟ್ಟಿಗೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾರೆ, ಕೆಳಗೆ ಬ್ಲೂಸ್ಟೋನ್ ಎನ್ನುವ ಕಪ್ಪು ಬಸಾಲ್ಟ್ ಕಲ್ಲಿನ ಬುನಾದಿ. ಮಣ್ಣಿನ ನೀರು ಇಟ್ಟಿಗೆಯಲ್ಲಿ ಏರುತ್ತದೆ, ಉಪ್ಪನ್ನೂ ಹೊತ್ತು ತರುತ್ತದೆ. ಗೋಡೆ ಉಸಿರಾಡುವಂತಿದ್ದರೆ ನೀರು ಕೆಳಗೇ ಆವಿಯಾಗುತ್ತದೆ. ಹೊರಗೆ ಸಿಮೆಂಟ್ ಬಳಿದರೆ, ಒಳಗೆ ನೀರು ಬಿಡದ ಬಣ್ಣ ಹಚ್ಚಿದರೆ ಅದು ದಾರಿ ಸಿಗದೆ ಇನ್ನೂ ಮೇಲಕ್ಕೆ ಹೋಗುತ್ತದೆ. ಸಿಮೆಂಟಿನಲ್ಲಿ ಸಂದಿ ತುಂಬಿದ ಗೋಡೆಯಲ್ಲಿ ಗಾರೆಯ ಬದಲು ಇಟ್ಟಿಗೆಯೇ ಪುಡಿಯಾಗುವುದು ಇದೇ ಕಾರಣಕ್ಕೆ.

ಮನೆ ನೋಡುವಾಗ ಮಂಡಿಯೂರಿ ಕೂತು ಗೋಡೆಯ ಕೆಳಗಿನ ಒಂದೂವರೆ ಮೀಟರ್ ಮಾತ್ರ ನೋಡಿ. ಬಿಳಿ ಉಪ್ಪಿನ ಪುಡಿ, ಎದ್ದ ಬಣ್ಣ, ಅಡ್ಡಕ್ಕೆ ಎಳೆದಂಥ ಕಲೆ, ಒತ್ತಿದರೆ ಮೆತ್ತಗಾಗುವ ಸ್ಕರ್ಟಿಂಗ್ ಹಲಗೆ. ಸೊಂಟದೆತ್ತರದವರೆಗೆ ಮಾತ್ರ ಹೊಸ ಪ್ಲಾಸ್ಟರ್ ಬೋರ್ಡ್ ಅಥವಾ ಹೊಸ ಬಣ್ಣ ಇದ್ದರೆ ಅದರ ಹಿಂದೆ ಏನಿದೆ ಎಂದು ಕೇಳಲೇಬೇಕು. ಚುಚ್ಚುವ ತೇವಮಾಪಕವೊಂದನ್ನೇ ನಂಬಬೇಡಿ, ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ ಮೇಲೂ ಅದು ಹೆಚ್ಚು ತೋರಿಸುತ್ತದೆ.

ಆಮೇಲೆ ಹೊರಗೆ ಒಂದು ಸುತ್ತು ಬನ್ನಿ, ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಬುನಾದಿಯ ಹತ್ತಿರದ ಜಾಲಂಧ್ರಗಳು ಮಣ್ಣಿನಲ್ಲೋ ಕಾಂಕ್ರೀಟ್ ಹಾದಿಯಲ್ಲೋ ಹೂತಿವೆಯೇ? ಹೂವಿನ ಪಾತಿಯನ್ನು ಗೋಡೆಗೇ ಒರಗಿಸಿದ್ದಾರೆಯೇ? ಸೂರಿನ ಗಟರ್ ಪೈಪು ನೀರನ್ನು ಬುಡಕ್ಕೇ ಸುರಿಯುತ್ತಿದೆಯೇ? ಸಾಧ್ಯವಾದರೆ ಮಳೆ ಬರುತ್ತಿರುವಾಗ ಇನ್ನೊಮ್ಮೆ ಹೋಗಿ.

ಒದ್ದೆ ಇದ್ದ ಮಾತ್ರಕ್ಕೆ ಮನೆ ಬಿಡಬೇಕಿಲ್ಲ. ಬೆಲೆಯಲ್ಲಿ ಅದನ್ನು ಕಳೆಯಬೇಕು, ದುರಸ್ತಿಯ ಕ್ರಮ ತಪ್ಪಬಾರದು. ಮೊದಲು ಗಟರ್ ಮತ್ತು ಚರಂಡಿ. ನಂತರ ಗೋಡೆಯ ಪಕ್ಕದ ಮಣ್ಣನ್ನು ತೇವತಡೆ ಪದರಕ್ಕಿಂತ (ನೀರು ಏರದಂತೆ ಗೋಡೆಯ ಬುಡದಲ್ಲಿ ಹಾಕಿರುವ ಪದರ) ಒಂದೆರಡು ಇಟ್ಟಿಗೆ ವರಸೆ ಕೆಳಕ್ಕೆ ಇಳಿಸುವುದು, ಜಾಲಂಧ್ರ ಬಿಡಿಸುವುದು. ಆಮೇಲೆ ಸಿಮೆಂಟ್ ಕೀಳುವುದು, ಕಾಯುವುದು. ಇಟ್ಟಿಗೆ ಗೋಡೆ ತಿಂಗಳಿಗೆ ಸುಮಾರು 25 ಮಿ.ಮೀ. ದಪ್ಪದಷ್ಟು ಒಣಗುತ್ತದೆ ಎಂಬುದು ರೂಢಿಯ ಲೆಕ್ಕ. 230 ಮಿ.ಮೀ. ಗೋಡೆಗೆ ಒಂಬತ್ತು ತಿಂಗಳಾದರೂ ಬೇಕು. ಇಷ್ಟಾದರೂ ತೇವ ಏರುತ್ತಿದ್ದರೆ ಮಾತ್ರ ಕೆಳವರಸೆಯ ಗಾರೆಯಲ್ಲಿ ಸಾಲಾಗಿ ರಂಧ್ರ ಕೊರೆದು ನೀರು ಏರದಂತೆ ತಡೆಯುವ ಸಿಲೇನ್ ಕ್ರೀಮ್ ತುಂಬಿಸಿ. ಕೊನೆಗೆ ಸುಣ್ಣದ ಪ್ಲಾಸ್ಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ 'ಡ್ಯಾಂಪ್ ಸೀಲರ್' ಬಣ್ಣಕ್ಕೆ ಒಂದು ಡಾಲರ್ ಕೂಡ ಹಾಕಬೇಡಿ, ಕಲೆ ಮುಚ್ಚುತ್ತದೆ, ಆದರೆ ಹಿಂದೆ ಇಟ್ಟಿಗೆ ಪುಡಿಯಾಗುತ್ತಲೇ ಇರುತ್ತದೆ.

ಆಫರ್, ಸಹಿ

ಹರಾಜಿನಲ್ಲಿ ಕೊಂಡರೆ ಹಿಂದೆ ಸರಿಯುವ ಅವಕಾಶ ಇಲ್ಲ. ಹರಾಜಿಗೆ ಮುಂಚಿನ, ನಂತರದ ಮೂರು ಕೆಲಸದ ದಿನಗಳಲ್ಲಿ ಸಹಿ ಹಾಕಿದರೂ ಇಲ್ಲ. ನೇರ ಮಾರಾಟದಲ್ಲಿ ಸಹಿಯಾದ ಮೇಲೆ ಮೂರು ಕೆಲಸದ ದಿನಗಳ ಕೂಲಿಂಗ್ ಆಫ್ ಇದೆ. ಹಿಂದೆ ಸರಿದರೆ 100 ಡಾಲರ್ ಅಥವಾ ಬೆಲೆಯ ಶೇ 0.2, ಯಾವುದು ಹೆಚ್ಚೋ ಅಷ್ಟು ಹೋಗುತ್ತದೆ. ಐದೂವರೆ ಲಕ್ಷದ ಮನೆಗೆ ಅದು 1,100 ಡಾಲರ್.

ಅಚ್ಚಾದ ಒಪ್ಪಂದದಲ್ಲಿರುವ ಬಿಲ್ಡಿಂಗ್ ರಿಪೋರ್ಟ್ ಷರತ್ತು ಸಾಕೆಂದುಕೊಳ್ಳಬೇಡಿ. ವರದಿಯು ದೊಡ್ಡ ರಚನಾ ದೋಷ ಎಂದು ಬರೆದರೆ ಮಾತ್ರ ಅದು ನಿಮ್ಮನ್ನು ಬಿಡಿಸುತ್ತದೆ, ಏರುವ ತೇವ ಅದರಲ್ಲಿ ಬರದೇ ಹೋಗಬಹುದು. 'ವರದಿ ಕೊಳ್ಳುವವರಿಗೆ ತೃಪ್ತಿಯಾಗದಿದ್ದರೆ ಒಪ್ಪಂದ ರದ್ದು' ಎಂಬರ್ಥದ ಷರತ್ತನ್ನು ಕನ್ವೇಯನ್ಸರ್ ಕೈಯಿಂದ ಬರೆಸಿ, ಸಾಲ ಮಂಜೂರಾಗುವ ಷರತ್ತನ್ನೂ ಸೇರಿಸಿ. ಸಾಮಾನ್ಯವಾಗಿ ಶೇ 10 ಮುಂಗಡ, ನಂತರ 30, 60 ಅಥವಾ 90 ದಿನಕ್ಕೆ ಸೆಟಲ್‌ಮೆಂಟ್, ಅಂದರೆ ಬಾಕಿ ಹಣ ಕೊಟ್ಟು ಮನೆ ಕೈಗೆ ಬರುವುದು.

ಕೀಲಿ ಸಿಕ್ಕಿದ ಮೇಲೆ

ಸ್ಟಂಪ್ ಕೆಲಸ ಎಲ್ಲಕ್ಕಿಂತ ಮೊದಲು, ಅದಕ್ಕೆ ಬಿಲ್ಡಿಂಗ್ ಪರ್ಮಿಟ್ ಬೇಕು. ಮನೆಯನ್ನು ಎತ್ತಿ ಮಟ್ಟಮಾಡುವಾಗ ಪ್ಲಾಸ್ಟರ್ ಬಿರಿಯುತ್ತದೆ, ಮೊದಲೇ ಬಣ್ಣ ಹೊಡೆಸಿದವರು ಎರಡು ಸಲ ಹೊಡೆಸುತ್ತಾರೆ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ನೀರು ಸೋಕಿಸದೆ ಒಣದಾಗಿ ಉಜ್ಜಬೇಡಿ. ಹಿಂದಿನ ಬಾತ್‌ರೂಮ್, ಲಾಂಡ್ರಿಗಳ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಡ್ರಿಲ್ ಹಾಕಬೇಡಿ.

ಜುಲೈನಲ್ಲಿ ಇಲ್ಲಿ ಹಗಲಿನ ಗರಿಷ್ಠವೇ ಸುಮಾರು 10 ಡಿಗ್ರಿ. ಚಳಿ ತಡೆಯಲೆಂದು ಬುನಾದಿಯ ಜಾಲಂಧ್ರಕ್ಕೆ ಬಟ್ಟೆ ತುರುಕುವವರಿದ್ದಾರೆ. ಅದರಿಂದ ನೆಲದಡಿ ಗಾಳಿ ನಿಂತು ಮರ ಕೊಳೆಯುತ್ತದೆ. ಮಾಡಿನಡಿಗೆ ಇನ್ಸುಲೇಷನ್ ಹಾಸಿ, ಕಿಟಕಿ ಬಾಗಿಲುಗಳ ಸಂದಿ ಮುಚ್ಚಿ, ಉಪಯೋಗಿಸದ ಒಲೆಗೂಡನ್ನು ತೆಗೆಯಬಹುದಾದ ತಡೆಯಿಂದ ಮುಚ್ಚಿ. ದಿನಾ ಅನ್ನ, ಸಾರು ಕುದಿಯುವ ಅಡುಗೆಮನೆಗೆ ಹಬೆಯನ್ನು ಪೈಪಿನಲ್ಲಿ ಹೊರಗೆ ಬಿಡುವ ಚಿಮಣಿಯೇ ಬೇಕು. ಗಾಳಿಯನ್ನು ಸೋಸಿ ಒಳಗೇ ಬಿಡುವ ಮಾದರಿಯಿಂದ ತಣ್ಣನೆಯ ಗೋಡೆಯ ಮೇಲೆ ಬೂಷ್ಟು ಹಿಡಿಯುತ್ತದೆ, ಅದನ್ನು ಏರುವ ತೇವವೆಂದು ತಪ್ಪು ತಿಳಿದು ಗೋಡೆ ಕೊರೆಸುವುದೂ ಉಂಟು.

ಹಿತ್ತಿಲಿನಲ್ಲಿ ಮೆಂತ್ಯ, ಹರಿವೆ ಹಾಕುವ ಮುಂಚೆ ಮಣ್ಣನ್ನು ಆರ್ಸೆನಿಕ್ ಮತ್ತು ಸೀಸಕ್ಕಾಗಿ ಪರೀಕ್ಷಿಸಿ. ಚಿನ್ನದ ಅದಿರು ಅರೆದ ಮೇಲೆ ಉಳಿದ ಮರಳಿನಲ್ಲಿ ಆರ್ಸೆನಿಕ್ ಇರುತ್ತದೆ, ಹಿಂದೆ ಅದನ್ನು ತಗ್ಗು ತುಂಬಲು ಬಳಸಿದ್ದುಂಟು. ಫಲಿತಾಂಶ ಬರುವವರೆಗೆ ತಂದ ಮಣ್ಣು ತುಂಬಿದ ಎತ್ತರದ ಪಾತಿಯಲ್ಲೇ ಸೊಪ್ಪು ಬೆಳೆಯಿರಿ, ಮಕ್ಕಳು ಬರಿ ಮಣ್ಣಿನಲ್ಲಿ ಆಡದಂತೆ ಹುಲ್ಲೋ ಮರದ ಚೂರೋ ಹಾಸಿ.