ಕಂತು ತಪ್ಪುವಂತಿದೆಯೇ? ಸಾಲದ ಖಾತೆ, ತೆರಿಗೆ ಲೆಕ್ಕ ಎರಡನ್ನೂ ಉಳಿಸಿಕೊಳ್ಳುವುದು ಹೀಗೆ

ಚಿಲ್ಲರೆ ಬೇಕಾಗಿ ನಮ್ಮ ಭಾವನ ಪ್ರಿಂಟಿಂಗ್ ಪ್ರೆಸ್‌ನ ಗಲ್ಲಾ ಎಳೆದೆ. ಬಿಲ್ ಬುಕ್ ಕೆಳಗೆ ಬ್ಯಾಂಕಿನ ಮೂರು ಕವರ್ ಇದ್ದವು. ಒಂದನ್ನೂ ಒಡೆದಿರಲಿಲ್ಲ. ‘ಓದಿದ್ರೆ ರಾತ್ರಿ ನಿದ್ದೆ ಬರಲ್ಲ ಕಣಮ್ಮ’ ಅಂದರು. ಅಲ್ಲೇ ಕುಳಿತು ಒಡೆದೆ. ಮೊದಲೆರಡು ಕವರ್‌ನಲ್ಲಿ ಬ್ಯಾಂಕ್ ಹಣವನ್ನೇ ಕೇಳಿರಲಿಲ್ಲ. ಸಿಸಿ ಲಿಮಿಟ್, ಅಂದರೆ ವ್ಯಾಪಾರಕ್ಕೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ, ರಿನ್ಯೂ ಮಾಡಲು ಐಟಿ ರಿಟರ್ನ್, ಜಿಎಸ್‌ಟಿ ರಿಟರ್ನ್ ಕೇಳಿತ್ತು. ಭಾವ ತಿಂಗಳು ತಿಂಗಳೂ ಬಡ್ಡಿ ಕಟ್ಟುತ್ತಿದ್ದರು. ಆದರೆ ‘ವ್ಯಾಪಾರವೇ ಇಲ್ಲ, ಇನ್ನೆಂಥ ರಿಟರ್ನ್’ ಎಂದು ತೆರಿಗೆ ಲೆಕ್ಕ ಬಿಟ್ಟುಬಿಟ್ಟಿದ್ದರು. ಲಿಮಿಟ್ ಅವಧಿ ಮುಗಿದು 180 ದಿನದೊಳಗೆ ರಿನ್ಯೂ ಆಗದಿದ್ದರೆ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ. ರಿಸರ್ವ್ ಬ್ಯಾಂಕಿನ ನಿಯಮ ಅದು. ಮೂರನೇ ಕವರ್‌ನಲ್ಲಿ ಇದ್ದದ್ದು ಅದೇ ಸುದ್ದಿ.

ತೆರಿಗೆ ಬೇರೆ, ಸಾಲ ಬೇರೆ ಅಂದುಕೊಳ್ಳುತ್ತೇವೆ ಅಲ್ವಾ? ಬ್ಯಾಂಕಿಗೆ ನಿಮ್ಮ ವ್ಯಾಪಾರ ಕಾಣುವುದೇ ರಿಟರ್ನ್‌ನಲ್ಲಿ. ಅದಕ್ಕೇ ಈ ಕೆಲಸಗಳನ್ನು ಒಂದರ ಹಿಂದೆ ಒಂದು ಮಾಡಿ.

ಮೊದಲು ದಿನ ಎಣಿಸಿ

ಕಂತಿನ ತಾರೀಖು ದಾಟಿದ ದಿನದಿಂದ ಎಣಿಕೆ ಶುರು. ಸುಸ್ತಿಗೆ ಮುಂಚಿನ ಎಚ್ಚರಿಕೆಯ ಹಂತಗಳಿಗೆ ಬ್ಯಾಂಕ್ ಎಸ್‌ಎಂಎ ಎನ್ನುತ್ತದೆ. 30 ದಿನದವರೆಗೆ ಎಸ್‌ಎಂಎ–0, 60ರವರೆಗೆ ಎಸ್‌ಎಂಎ–1, 90ರವರೆಗೆ ಎಸ್‌ಎಂಎ–2. 90 ದಾಟಿದರೆ ಎನ್‌ಪಿಎ. ಒಂದು ಸಾಲ ಹಾಗಾದರೆ ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿರುವ ಉಳಿದ ಸಾಲಗಳೂ ಎನ್‌ಪಿಎ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಸರಿಹೋಗುವುದಿಲ್ಲ. ಬಾಕಿ ಬಿದ್ದ ಅಸಲು, ಬಡ್ಡಿ ಪೂರ್ತಿ ಕಟ್ಟಬೇಕು. ಹಾಗಾಗಿ ಕ್ಯಾಲೆಂಡರ್‌ನಲ್ಲಿ 90ನೇ ದಿನಕ್ಕೆ ಈಗಲೇ ಗುರುತು ಹಾಕಿ.

ರಿಟರ್ನ್ ಹಾಕಿ, ನಷ್ಟದ ವರ್ಷವಾದರೂ

ಹೆಚ್ಚಿನವರು ಎಡವುವುದು ಇಲ್ಲೇ. ನಷ್ಟವಾದ ವರ್ಷ ಐಟಿ ರಿಟರ್ನ್ ಯಾಕೆ ಅಂತ ಸುಮ್ನೆ ಇರಬೇಡಿ. ಗಡುವಿನೊಳಗೆ ಹಾಕಿದರೆ ಮಾತ್ರ ಆ ವ್ಯಾಪಾರದ ನಷ್ಟವನ್ನು ಮುಂದಿನ 8 ವರ್ಷದ ಲಾಭದಲ್ಲಿ ಕಳೆಯಬಹುದು. ಗಡುವು ದಾಟಿದರೆ ಡಿಸೆಂಬರ್ 31ರವರೆಗೆ ಹಾಕಲು ಅವಕಾಶವಿದೆ, ಆದರೆ ನಷ್ಟ ಮುಂದಕ್ಕೆ ಬರುವುದಿಲ್ಲ. ಜೊತೆಗೆ 5,000 ರೂಪಾಯಿವರೆಗೆ ಶುಲ್ಕ.

ಜಿಎಸ್‌ಟಿ ಇನ್ನೂ ಬಿಗಿ. ಆ ತಿಂಗಳ ತೆರಿಗೆ ಪೂರ್ತಿ ಕಟ್ಟದೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್–3ಬಿ ಸಲ್ಲಿಕೆಯೇ ಆಗುವುದಿಲ್ಲ. ತಡವಾದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಗಿರಾಕಿಯಿಂದ ವಸೂಲು ಮಾಡಿದ ಜಿಎಸ್‌ಟಿ ಹಣವನ್ನು ಕಂತಿಗೆ ಹಾಕಿದರೆ ಈ ತಿಂಗಳು ದಾಟಬಹುದು. ಮುಂದಿನ ತಿಂಗಳು ಎರಡೂ ನಿಲ್ಲುತ್ತವೆ. ಆ ಹಣಕ್ಕೆ ಬೇರೆ ಖಾತೆಯೇ ಇರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಾರಾಟವೇ ಇಲ್ಲದಿದ್ದರೆ ನಿಲ್ ರಿಟರ್ನ್ ಹಾಕಿ.

2025ರ ಜುಲೈನಲ್ಲಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಕಡೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿತು. ಆ ಹೆದರಿಕೆ ಅರ್ಥವಾಗುತ್ತದೆ. ಆದರೆ ನಗದಿನಲ್ಲಿ ಮುಚ್ಚಿಟ್ಟ ವ್ಯಾಪಾರಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಅದಕ್ಕೆ ಸಾಲ ಕೊಡುವವನು ಬಡ್ಡಿ ವ್ಯಾಪಾರಿ.

ಭಾವನ ಬಾಕಿ ರಿಟರ್ನ್ ಹಾಕಿ ಮುಗಿಸಲು ನಮಗೆ ಎಂಟು ದಿನ ಹಿಡಿಯಿತು. ತಡದ ಶುಲ್ಕ ಕಟ್ಟುವಾಗ ಅಕ್ಕನ ಮುಖ ಬಾಡಿತ್ತು. ಆ ಕಾಗದಗಳು ಕೈಗೆ ಬಂದ ಮೇಲೆಯೇ ಬ್ಯಾಂಕ್ ಲಿಮಿಟ್ ರಿನ್ಯೂ ಮಾಡಿದ್ದು.

ಶಾಖೆಗೆ ನೀವೇ ಹೋಗಿ

ಬಾಯಿಮಾತು ಸಾಲದು. ವ್ಯಾಪಾರ ಯಾಕೆ ಕುಸಿಯಿತು, ಎಷ್ಟು ಕಟ್ಟಬಲ್ಲೆ ಎಂದು ಒಂದು ಪುಟ ಬರೆಯಿರಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸಣ್ಣ ಉದ್ಯಮಗಳ 25 ಕೋಟಿ ರೂಪಾಯಿವರೆಗಿನ ಸಾಲ ಕಷ್ಟಕ್ಕೆ ಸಿಕ್ಕಾಗ ದಾರಿ ಹುಡುಕಲು ಬ್ಯಾಂಕಿನಲ್ಲಿ ಸಮಿತಿ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2016ರಲ್ಲೇ ಹೇಳಿದೆ. ನಿಮ್ಮ ಅರ್ಜಿಯನ್ನು ಅದರ ಮುಂದಿಡಲು ಕೇಳಿ. ಸಣ್ಣ ಉದ್ಯಮ ಎಂದು ತೋರಿಸುವ ಉದ್ಯಮ್ ನೋಂದಣಿ ಪತ್ರ ಜೊತೆಗಿರಲಿ.

ಒಂದು ವಿಷಯ ಆಡಿಟರ್ ಹತ್ತಿರ ಮಾತಾಡಿ. ಬಾಕಿ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಬದಲಿಸಿದರೆ, ಆದಾಯ ತೆರಿಗೆಯಲ್ಲಿ ಅದು ಕಟ್ಟಿದ ಬಡ್ಡಿ ಅಲ್ಲ. ನಿಜವಾಗಿ ಕಟ್ಟಿದಾಗಲೇ ಖರ್ಚು ಎಂದು ತೋರಿಸಬಹುದು.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಖರ್ಚಿಲ್ಲ.

ನೋಟಿಸ್ ಬಂದರೆ

ಮನೆ, ಅಂಗಡಿ ಅಡವಿಟ್ಟಿದ್ದರೆ ಎನ್‌ಪಿಎ ಆದ ಮೇಲೆ 2002ರ ಸರ್ಫೇಸಿ ಕಾಯ್ದೆಯಡಿ, ಅಂದರೆ ಅಡವಿನ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ಪಡೆಯಬಹುದಾದ ಕಾನೂನಿನಡಿ, ನೋಟಿಸ್ ಬರುತ್ತದೆ. ಕಟ್ಟಲು 60 ದಿನ ಇರುತ್ತದೆ. ಆ ಸಮಯದಲ್ಲಿ ನಿಮ್ಮ ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಡಿ. ಬ್ಯಾಂಕ್ 15 ದಿನದಲ್ಲಿ ಉತ್ತರಿಸಲೇಬೇಕು. ಸ್ವಾಧೀನಕ್ಕೆ ಮುಂದಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ತಾಗುವುದಿಲ್ಲ.

ರಾಜಿಯಾದರೆ ಕಾಗದ ಬಿಡಬೇಡಿ

ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಒಂದೇ ಸಲಕ್ಕೆ ಕಟ್ಟಿ ಮುಗಿಸುವ ರಾಜಿಯಲ್ಲಿ ಬ್ಯಾಂಕ್ ಒಂದಷ್ಟು ಬಿಡುತ್ತದೆ. ಹಿಂದೆ ಖರ್ಚು ಎಂದು ತೋರಿಸಿದ ಬಡ್ಡಿ ಮನ್ನಾ ಆದರೆ ಅದು ಆ ವರ್ಷದ ಆದಾಯ, ತೆರಿಗೆ ಬೀಳುತ್ತದೆ. ಸಹಿ ಹಾಕುವ ಮುಂಚೆಯೇ ಆ ಲೆಕ್ಕ ಹಾಕಿಸಿ. ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಕಟ್ಟಿ ಮುಗಿಸಿದ ‘ಕ್ಲೋಸ್ಡ್’ಗೆ ಅದು ಸಮ ಅಲ್ಲ. ಕೈಲಾಗುವಂತಿದ್ದರೆ ಪೂರ್ತಿ ಕಟ್ಟುವುದೇ ಒಳ್ಳೆಯದು. ಹಣ ಕಟ್ಟಿದ ದಿನವೇ ಬಾಕಿ ಇಲ್ಲ ಎಂಬ ನೋ ಡ್ಯೂ ಪತ್ರ ಕೇಳಿ. ಅಡವಿಟ್ಟ ಮೂಲ ಪತ್ರಗಳನ್ನೂ ವಾಪಸ್ ಕೇಳಿ. ಮನೆ ಸಾಲದಂಥ ವೈಯಕ್ತಿಕ ಸಾಲವಾದರೆ ಅವು 30 ದಿನದೊಳಗೆ ನಿಮ್ಮ ಕೈಗೆ ಬರಬೇಕು. ಅಂಥ ಸಾಲದಲ್ಲಿ ಬ್ಯಾಂಕ್ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಅದನ್ನೂ ಬರವಣಿಗೆಯಲ್ಲೇ ಕೇಳಿ.