ದೇವರ ಮುಂದೆ ಬಣ್ಣ ಕಳಚುವುದು ಹೇಗೆ

ರಾತ್ರಿ 2 ಗಂಟೆಗೆ ನೋಡಬೇಕಿದ್ದ ಬಿಪಿಯನ್ನು ನಾನು ನೋಡಿರಲಿಲ್ಲ. 4 ಗಂಟೆಗೆ ಚಾರ್ಟ್ ಕೈಗೆತ್ತಿಕೊಂಡಾಗ ಆ ಜಾಗ ಖಾಲಿ ಇತ್ತು. 10 ಗಂಟೆಗೆ 130/80, ಈಗ 126/80. ನಡುವೆ ಇನ್ನೇನಿದ್ದೀತು ಎಂದು 128/80 ಬರೆದು ಸಹಿ ಹಾಕಿದೆ. ರೋಗಿಗೆ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ನನಗೇ ಥ್ಯಾಂಕ್ಸ್ ಹೇಳಿ ಮನೆಗೆ ಹೋದರು. ಆ ಭಾನುವಾರ ಆರಾಧನೆಯಲ್ಲಿ ಎಲ್ಲರ ಪರವಾಗಿ ಪ್ರಾರ್ಥಿಸುವ ಸರದಿ ನನ್ನದಾಗಿತ್ತು. ಗಂಟಲು ತುಂಬಿ ಬಂದು ಪ್ರಾರ್ಥಿಸಿದೆ. ಹೊರಗೆ ಬಂದ ಮೇಲೆ ಮೂವರು ಕೈ ಹಿಡಿದು, ನಿಮ್ಮ ಪ್ರಾರ್ಥನೆ ಮನಸ್ಸಿಗೆ ತಟ್ಟಿತು ಅಂದರು. ನನ್ನ ಮನಸ್ಸಿಗೆ ತಟ್ಟಿದ್ದು ಮಾತ್ರ 128/80.

ನರ್ಸ್ ಆಗಿ 17 ವರ್ಷವಾಯಿತು, ಅರ್ಧಕ್ಕರ್ಧ ನೈಟ್ ಡ್ಯೂಟಿ. ನಾನು ಬೋಧಕಿಯಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಒಳಗೊಂದು ಹೊರಗೊಂದು ಇಟ್ಟುಕೊಂಡು ಸುಸ್ತಾದವಳು ಅದರಿಂದ ಹೊರಬರಲು ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಕೆಲಸಕ್ಕೆ ಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ: ಶಪಥ. ಇನ್ನು ಮುಂದೆ ಸುಳ್ಳಾಡುವುದಿಲ್ಲ ಎಂದು ಡೈರಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಮತ್ತೆ ಅದೇ ಕೈ, ಅದೇ ಪೆನ್ನು. ತಪ್ಪು ಎಲ್ಲಿತ್ತೆಂದು ಆಮೇಲೆ ತಿಳಿಯಿತು. ನಾನು ಸುಳ್ಳು ಬರೆದದ್ದು ಸುಳ್ಳಿನ ಮೇಲಿನ ಆಸೆಯಿಂದಲ್ಲ, ಬೆಳಗಿನ ರೌಂಡ್ಸಿನ ಹೆದರಿಕೆಯಿಂದ. ಹೆದರಿಕೆಯನ್ನು ಹಾಗೇ ಒಳಗಿಟ್ಟುಕೊಂಡು ಸುಳ್ಳನ್ನು ಮಾತ್ರ ಬಿಡುತ್ತೇನೆ ಅಂದರೆ, ಸೋಂಕನ್ನು ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ. ಆದಿಕಾಂಡದ ಮೂರನೇ ಅಧ್ಯಾಯದಲ್ಲಿ ದೇವರು “ಎಲ್ಲಿದ್ದೀ?” ಎಂದು ಕೇಳಿದಾಗ ಆದಾಮ ಕೊಟ್ಟ ಉತ್ತರವೂ ಇದೇ: ಹೆದರಿದೆ, ಅಡಗಿಕೊಂಡೆ. ಯೋಹಾನನ ಮೊದಲ ಪತ್ರ, 4:18, ಹೆದರಿಕೆಯನ್ನು ಹೊರಗಟ್ಟುವುದು ಪೂರ್ಣ ಪ್ರೀತಿ ಎನ್ನುತ್ತದೆ. ಹೊರಗಟ್ಟುವುದು ಧೈರ್ಯ ಎನ್ನುವುದಿಲ್ಲ, ಶಪಥ ಎನ್ನುವುದಿಲ್ಲ. ಹಾಗಾಗಿ ಶುರು ಮಾಡಬೇಕಾದದ್ದು ಪ್ರೀತಿಯ ಕಡೆಯಿಂದ.

ಮೊದಲು ಆ ಮುಖ ಯಾವುದೆಂದು ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. “ದೇವರು ಈ ಕ್ಷಣ ನನ್ನನ್ನು ನೋಡಿದರೆ” ಎಂದು ಬರೆದು, ವಾಕ್ಯವನ್ನು ಯೋಚಿಸದೆ ಮುಗಿಸಿ. ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರ ಬೇಡ. ತಟ್ಟನೆ ಬಂದದ್ದನ್ನೇ ಬರೆಯಿರಿ. ನಾನು ಬರೆದದ್ದು: “ಮೇಟ್ರನ್ ಥರ ಕನ್ನಡಕ ಕೆಳಗಿಳಿಸಿ ಚಾರ್ಟ್ ಕೇಳುತ್ತಾನೆ.” ಓದಿ ನಗು ಬಂತು, ಆಮೇಲೆ ಬಹಳ ಹೊತ್ತು ನಗು ಬರಲಿಲ್ಲ. ಇಷ್ಟು ವರ್ಷ ದೇವರು ಪ್ರೀತಿಸ್ವರೂಪಿ ಎಂದು ಹಾಡಿದವಳು ನಾನು. ಕಣ್ಣು ಮುಚ್ಚಿದರೆ ಎದುರಿಗಿದ್ದದ್ದು ಮೇಟ್ರನ್ನು.

ಆ ಹಾಳೆಯ ಪಕ್ಕದಲ್ಲಿ ಲೂಕ 15:11ರಿಂದ 32ರ ತನಕ ತೆರೆದಿಡಿ. ತಪ್ಪಿಹೋದ ಮಗನ ಕಥೆ ಗೊತ್ತಿದೆ ಎಂದು ಓಡಿಸಿಕೊಂಡು ಓದಬೇಡಿ. ನಾನು ಒಂದು ತಿಂಗಳು ಇದನ್ನೇ ಓದಿದೆ, ಬೇರೆ ಏನೂ ಓದಲಿಲ್ಲ. ಎಷ್ಟೋ ದಿನಗಳ ಮೇಲೆ ಕಣ್ಣಿಗೆ ಬಿದ್ದ ಸಂಗತಿ: ಅಪ್ಪನಿಂದ ಪಡೆದ ಪಾಲನ್ನು ದೂರದೇಶದಲ್ಲಿ ಹಾಳುಮಾಡಿ ಹಸಿದ ಮಗ, ಮಾತು ಜೋಡಿಸಿಕೊಂಡು ಮನೆಗೆ ಹೊರಡುತ್ತಾನೆ. ಪಾಪ ಮಾಡಿದ್ದೇನೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನನ್ನಾಗಿ ಇಟ್ಟುಕೋ. ಮೂರು ಮಾತು. ತಂದೆಯ ಮುಂದೆ ನಿಂತಾಗ ಎರಡನ್ನು ಮಾತ್ರ ಹೇಳುತ್ತಾನೆ. ಮೂರನೆಯದಕ್ಕೆ ಬರುವ ಹೊತ್ತಿಗೆ ತಂದೆ ಆಳುಗಳಿಗೆ ನಿಲುವಂಗಿ ತರಲು ಹೇಳಿಯಾಗಿದೆ. ಓಡಿ ಬಂದು ಅಪ್ಪಿಕೊಂಡದ್ದಂತೂ ಮಗ ಬಾಯಿ ತೆರೆಯುವ ಮುಂಚೆಯೇ. ಅಂದರೆ ಅವನ ತಪ್ಪೊಪ್ಪಿಗೆ ಪ್ರೀತಿ ಗಿಟ್ಟಿಸಿಕೊಳ್ಳಲು ಕೊಟ್ಟ ಅರ್ಜಿಯಾಗಿರಲಿಲ್ಲ, ಅಪ್ಪನ ತೋಳಿನೊಳಗೆ ನಿಂತು ಆಡಿದ ಮಾತಾಗಿತ್ತು.

ಇದನ್ನು ಓದಿದಾಗ ನಿಮಗೆ ಏನೂ ಅನ್ನಿಸದಿದ್ದರೆ ಗಾಬರಿ ಬೇಡ. ನಂಬುವುದು ಅಂದರೆ ಅನ್ನಿಸುವುದು ಎಂದು ನಾನೂ ತಿಳಿದಿದ್ದೆ. ಆಪರೇಷನ್ ಆದವರನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸುವಾಗ ನಾವು ಹೇಳುವ ಒಂದು ಮಾತಿದೆ: “ನನ್ನ ಮೇಲೆ ಭಾರ ಹಾಕಿ.” ಅವರಿಗೆ ಆಗ ಧೈರ್ಯ ಇರುವುದಿಲ್ಲ, ಕಾಲು ನಡುಗುತ್ತಿರುತ್ತದೆ. ಆದರೂ ಕೈ ಚಾಚಿ ಮೈಭಾರವನ್ನು ನನ್ನ ಭುಜಕ್ಕೆ ಬಿಡುತ್ತಾರೆ. ಭುಜ ತಡೆಯುತ್ತದೆಂದು ತಿಳಿಯುವುದು ಬಿಟ್ಟ ಮೇಲೆ. ದೇವರ ಮೇಲೆ ಭಾರ ಹಾಕಿದ್ದೇನೆ ಎಂದು ನಾವು ಸಲೀಸಾಗಿ ಹೇಳುತ್ತೇವಲ್ಲ, ಹೆಚ್ಚಿನ ಸಲ ಅದರರ್ಥ ಕೈಚೆಲ್ಲಿದ್ದೇನೆ ಎಂದಷ್ಟೇ. 55ನೇ ಕೀರ್ತನೆ ಚಿಂತೆಯ ಭಾರವನ್ನು ದೇವರ ಮೇಲೆ ಹಾಕು ಎನ್ನುವಾಗ ನನಗೆ ಈಗ ಕಾಣುವುದು ಆ ನಡುಗುವ ಕಾಲು, ಆ ಚಾಚಿದ ಕೈ.

ಪ್ರಾರ್ಥನೆಯ ಭಾಷೆ ಬದಲಾಯಿಸಿ

ದಿನಕ್ಕೆ ಎರಡು ನಿಮಿಷ ಸಾಕು. ನಿಯಮ ಒಂದೇ, ಮನೆಯಲ್ಲಿ ಆಡದ ಪದವನ್ನು ಅಲ್ಲಿಯೂ ಆಡಬಾರದು. “ಪರಮ ಪರಿಶುದ್ಧನಾದ” ಎಂದು ಶುರುವಾಗುವ ನನ್ನ ಸುಂದರ ಪ್ರಾರ್ಥನೆಗಳು ಬಾಯಿಗೆ ಎಷ್ಟು ರೂಢಿಯಾಗಿದ್ದವೆಂದರೆ, ಅವು ಹರಿಯುತ್ತಿರುವಾಗಲೇ ನಾಳಿನ ಡ್ಯೂಟಿ ಲಿಸ್ಟ್ ಯೋಚಿಸಬಹುದಿತ್ತು. ಅದನ್ನು ನಿಲ್ಲಿಸಿದ ಮೊದಲ ರಾತ್ರಿ ಬಂದದ್ದು ಇಷ್ಟು: “ಕರ್ತನೇ, ಸುಸ್ತಾಗಿದೆ. ನಿನ್ನ ಹತ್ತಿರ ಮಾತಾಡಲು ಮನಸ್ಸಿಲ್ಲ. ಆದರೂ ಕೂತಿದ್ದೇನೆ.” ಹತ್ತು ವರ್ಷದಲ್ಲಿ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದೇ ಇರಬೇಕು.

ಇದು ಅವಿನಯ ಅಲ್ಲವೇ ಎಂದು ಅನುಮಾನ ಬಂದರೆ ಕೀರ್ತನೆಗಳ ಪುಸ್ತಕ ತೆಗೆಯಿರಿ. 13ನೇ ಕೀರ್ತನೆ ಮೊದಲ ಎರಡು ವಚನಗಳಲ್ಲಿಯೇ ನಾಲ್ಕು ಸಲ “ಎಲ್ಲಿಯ ತನಕ?” ಎಂದು ದೇವರನ್ನು ಕೇಳುತ್ತದೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲು ಅಂಟಿಸೋಣ ಎಂದು ಯಾರೂ ಅದನ್ನು ತಿದ್ದಲಿಲ್ಲ, ತಿದ್ದದೆ ಹಾಗೇ ವೇದಪುಸ್ತಕದಲ್ಲಿ ಉಳಿಸಿಕೊಂಡರು. ಲೂಕ 18ರ ಸುಂಕದವನದು ಒಂದೇ ವಾಕ್ಯದ ಪ್ರಾರ್ಥನೆ, ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ.

ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಮೂರರ ಬಗ್ಗೆಯೂ ಹೇಳುವಾಗ ಮೂರು ಸಲ “ಕಪಟಿಗಳು” ಎನ್ನುತ್ತಾರೆ. ಮೂಲ ಗ್ರೀಕಿನಲ್ಲಿರುವ ‘ಹುಪೊಕ್ರಿತೇಸ್’ ಎಂಬ ಪದ ನಾಟಕದವರದು, ರಂಗದ ಮೇಲಿನ ನಟನಿಗೆ ಹೇಳುವುದು. ನಮ್ಮ ಮಾತಿನಲ್ಲಿ ಬಣ್ಣ ಹಚ್ಚಿದವನು. ಬಣ್ಣ ಹಚ್ಚುವುದು ತಪ್ಪಲ್ಲ, ಆಟ ಮುಗಿದ ಮೇಲೂ ತೊಳೆಯದೆ ಮಲಗಿದರೆ ಚರ್ಮ ಹಾಳು. ಅದಕ್ಕೇ ಅಲ್ಲಿ ಸಿಗುವ ಔಷಧಿ ಬಾಗಿಲು ಹಾಕಿಕೊಳ್ಳುವುದು. ಪ್ರೇಕ್ಷಕರಿಲ್ಲದ ಕೋಣೆ. ವಾರಕ್ಕೊಂದು ಒಳ್ಳೆಯ ಕೆಲಸವನ್ನಾದರೂ ಯಾರಿಗೂ ತಿಳಿಯದ ಹಾಗೆ ಮಾಡಿ ನೋಡಿ. ಹೇಳಿಕೊಳ್ಳಬೇಕೆಂದು ನಾಲಿಗೆ ಎಷ್ಟು ತುರಿಸುತ್ತದೆ ಎಂಬುದರಲ್ಲೇ ನಿಮಗೆ ನಿಮ್ಮ ವಿಷಯ ಸಾಕಷ್ಟು ತಿಳಿಯುತ್ತದೆ. ನನಗಂತೂ ಮೂರನೇ ವಾರ ತಡೆಯಲಾಗಲಿಲ್ಲ, ಗಂಡನಿಗೆ ಹೇಳಿಬಿಟ್ಟೆ.

ರಾತ್ರಿಯ ಹ್ಯಾಂಡೋವರ್

ಡ್ಯೂಟಿ ಮುಗಿದಾಗ ಮುಂದಿನವರಿಗೆ ವಾರ್ಡಿನ ಲೆಕ್ಕ ಒಪ್ಪಿಸುವುದಕ್ಕೆ ನಾವು ಹ್ಯಾಂಡೋವರ್ ಎನ್ನುತ್ತೇವೆ. ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ದಿನವನ್ನು ಹಿಂದಿರುಗಿ ನೋಡುವ ಒಂದು ಅಭ್ಯಾಸ ಕಲಿಸಿದರು. ಐದು ಹಂತ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಲೆಕ್ಕ, ಕ್ಷಮೆ, ನಾಳೆಯ ನಿರ್ಧಾರ. ನಾನು ಮೊದಲು ಇದನ್ನು ಲೆಕ್ಕದಿಂದಲೇ ಶುರು ಮಾಡುತ್ತಿದ್ದೆ, ಅಲ್ಲಿಯೇ ಮುಗ್ಗರಿಸಿ ಮಲಗುತ್ತಿದ್ದೆ. ಕೃತಜ್ಞತೆ ಮೊದಲು ಬಂದಿರುವುದು ಸುಮ್ಮನೆ ಅಲ್ಲ. ಇವತ್ತು ಸಿಕ್ಕಿದ್ದೇನು ಎಂದು ಎಣಿಸಿದ ಮೇಲೆಯೇ ಇವತ್ತು ಮಾಡಿದ್ದೇನು ಎಂದು ನೋಡುವ ಶಕ್ತಿ ಬರುವುದು.

ಒಂದು ದಿನಕ್ಕೆ ಒಂದೇ ಸುಳ್ಳನ್ನು ಹಿಡಿಯಿರಿ. “ನಾನು ಯಾಕೆ ಇಷ್ಟು ಕೆಟ್ಟವಳು” ಎಂದು ಕೇಳಬೇಡಿ, ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅಳು ಬರುತ್ತದೆ ಅಷ್ಟೆ. “ಆ ಹೊತ್ತಿಗೆ ಯಾವುದಕ್ಕೆ ಹೆದರಿದೆ” ಎಂದು ಕೇಳಿ. ನನ್ನ ಉತ್ತರಗಳು ತಿಂಗಳುಗಟ್ಟಲೆ ಒಂದೇ ಇದ್ದವು: ಕೈಲಾಗದವಳು ಅನ್ನಿಸಿಕೊಳ್ಳುವ ಭಯ. ಅದಕ್ಕೆ ಹೆಸರು ಸಿಕ್ಕಿದ ಮೇಲೆ ಅದನ್ನೇ ಪ್ರಾರ್ಥನೆಗೆ ಒಯ್ದೆ.

ಸರಿಪಡಿಸುವುದು

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಒಳಗೊಳಗಿನ ಸಂಭ್ರಮವಾಗಿ ಮುಗಿಯುತ್ತದೆ. ಲೂಕ 19ರಲ್ಲಿ, ಯೇಸುವನ್ನು ನೋಡಲು ಮರ ಹತ್ತಿದ್ದ ಸುಂಕದವರ ಮುಖ್ಯಸ್ಥ ಜಕ್ಕಾಯ ಮರ ಇಳಿದ ಮೇಲೆ ತನ್ನ ಭಾವನೆಗಳನ್ನು ವಿವರಿಸಲಿಲ್ಲ, ಲೆಕ್ಕ ಕೊಟ್ಟ: ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು. ಅವನ ಮನೆಗೆ ಬರುತ್ತೇನೆ ಎಂದು ಯೇಸು ಹೇಳಿದ್ದು ಅದಕ್ಕಿಂತ ಮೊದಲು ಎಂಬುದನ್ನೂ ಗಮನಿಸಿ.

ಹೇಳುವಾಗ ಮಾಡಿದ್ದನ್ನು ಹೇಳಿ, “ಆದರೆ” ಎಂಬ ಪದವನ್ನು ಮನೆಯಲ್ಲೇ ಬಿಟ್ಟು ಹೋಗಿ. ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಾಗ ನಾಲ್ಕು ಸಲ “ಆದರೆ” ಬಂತು. ಆ ರಾತ್ರಿ ಎಷ್ಟು ಅಡ್ಮಿಷನ್ ಇತ್ತು, ಜೊತೆಯವಳು ರಜೆ ಹಾಕಿದ್ದಳು, ಎಲ್ಲ ನಿಜವೇ. ಕೊನೆಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮುಂದೆ ನಿಂತು, “ಸಿಸ್ಟರ್, ನೋಡದ ಬಿಪಿಯನ್ನು ನೋಡಿದೆ ಅಂತ ಬರೆದಿದ್ದೇನೆ,” ಅಂದೆ.

ಅವರು ಪೆನ್ನು ಕೆಳಗಿಟ್ಟರು. “ಎಷ್ಟು ಸಲ?”

“ಮೂರು.”

“ಕೂತ್ಕೋ.”

ಅಪ್ಪಿಕೊಳ್ಳಲಿಲ್ಲ, ನಿಲುವಂಗಿಯನ್ನೂ ತರಿಸಲಿಲ್ಲ. ಯಾವ ರೋಗಿ, ಯಾವ ದಿನ ಎಂದು ಬರೆದುಕೊಂಡರು, ಮೇಲಿನವರಿಗೆ ತಿಳಿಸಿದರು. ಲಿಖಿತ ಎಚ್ಚರಿಕೆ ಬಂತು, ಎರಡು ತಿಂಗಳು ನನ್ನ ಚಾರ್ಟುಗಳನ್ನು ದಿನಾ ತಪಾಸಣೆ ಮಾಡಿದರು. ಮಾಡಬೇಕಾದದ್ದೇ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಜ ಹೇಳಿದರೆ ಎಲ್ಲ ಸುಖವಾಗುತ್ತದೆ ಎಂಬ ಸಾಕ್ಷಿಗಳನ್ನು ಕೇಳಿ ಕೇಳಿ, ನಾನು ಅಂಥದ್ದನ್ನೇ ನಿರೀಕ್ಷಿಸಿದ್ದೆ. ದೇವರ ಪ್ರೀತಿ ಎಂದರೆ ಎಚ್ಚರಿಕೆ ಪತ್ರ ಬರುವುದಿಲ್ಲ ಎಂದಲ್ಲ. ಆ ಪತ್ರ ಹಿಡಿದು ಮನೆಗೆ ಬಂದ ಸಂಜೆಯೂ ಲೂಕ 15 ಅಲ್ಲಿಯೇ ಇತ್ತು, ಒಂದಕ್ಷರ ಬದಲಾಗಿರಲಿಲ್ಲ. ಭಾರ ಹಾಕುವುದು ಏನೆಂದು ಅವತ್ತು ಗೊತ್ತಾಯಿತು.

ಒಂದು ಎಚ್ಚರಿಕೆ. ಮನಸ್ಸು ಹಗುರ ಮಾಡಿಕೊಳ್ಳಲು ಇನ್ನೊಬ್ಬರ ತಲೆ ಮೇಲೆ ಕಲ್ಲು ಇಡಬೇಡಿ. ನಿಮ್ಮ ತಪ್ಪು ಯಾರಿಗೆ ಸಂಬಂಧಿಸಿದ್ದೋ ಅವರಿಗೆ ಹೇಳಿ. ಹೇಳಿದರೆ ಅವರಿಗೆ ನೋವೇ ಹೊರತು ಬೇರೇನೂ ಇಲ್ಲದಿದ್ದರೆ ಮೊದಲು ನಿಮ್ಮ ಪಾಸ್ಟರ್ ಅಥವಾ ಫಾದರ್ ಜೊತೆ ಮಾತಾಡಿ. ಬೇರೆಯವರ ಗುಟ್ಟನ್ನು ಹೊರಗೆ ಹಾಕುವುದಂತೂ ಪ್ರಾಮಾಣಿಕತೆಯೇ ಅಲ್ಲ, ಬಾಯಿಚಪಲ.

ಸಣ್ಣ ಮಾತುಗಳು

ನಮ್ಮಲ್ಲಿ ಅತಿ ಹೆಚ್ಚು ಆಡುವ ಸುಳ್ಳು ಯಾವುದು ಎಂದು ಕೇಳಿದರೆ “ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ” ಎಂದೇ ನಾನು ಹೇಳುವುದು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಈಗ ನಾನು ಮಾಡುವುದು: ಸಾಧ್ಯವಾದರೆ ಅಲ್ಲೇ ನಿಂತು ಎರಡು ಮಾತು ಪ್ರಾರ್ಥಿಸುತ್ತೇನೆ, ಇಲ್ಲದಿದ್ದರೆ ಜೇಬಿನ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತೇನೆ. ಒಂದು ಹೊತ್ತಿಗೆ ನಾಲ್ಕೇ ಹೆಸರು. ಐದನೆಯವರು ಕೇಳಿದರೆ “ದೇವರು ನಿಮ್ಮ ಜೊತೆಗಿರಲಿ” ಅಂದು ಸುಮ್ಮನಾಗುತ್ತೇನೆ, ಅದು ಆ ಕ್ಷಣದ ಮಟ್ಟಿಗೆ ನಿಜ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬ ಯೇಸುವಿನ ಮಾತನ್ನು ಇದಕ್ಕಿಂತ ದೊಡ್ಡದಾಗಿ ಪಾಲಿಸಲು ನನಗೆ ಇನ್ನೂ ಬಂದಿಲ್ಲ.

ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದ ಅನನೀಯ ಮತ್ತು ಸಪ್ಫೈರ ನನ್ನನ್ನು ಬಹಳ ಕಾಲ ಹೆದರಿಸಿದ್ದರು: ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟು, ಎಲ್ಲ ಕೊಟ್ಟೆವೆಂದು ಸುಳ್ಳಾಡಿ, ಅಲ್ಲೇ ಸತ್ತುಬಿದ್ದ ಗಂಡ ಹೆಂಡತಿ. ಅವರನ್ನು ಪ್ರಶ್ನಿಸಿದ ಯೇಸುವಿನ ಶಿಷ್ಯ ಪೇತ್ರನ ಮಾತನ್ನು ನಿಧಾನವಾಗಿ ಓದಿದರೆ, ಹಣ ಇಟ್ಟುಕೊಂಡದ್ದು ತಪ್ಪು ಎಂದು ಅವನು ಹೇಳುವುದೇ ಇಲ್ಲ. ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತು ಎನ್ನುತ್ತಾನೆ. ಅರ್ಧ ಕೊಟ್ಟು ಅರ್ಧ ಎಂದಿದ್ದರೆ ಮುಗಿಯುತ್ತಿತ್ತು. ಅರ್ಧ ಭಕ್ತಿ ಇದ್ದರೆ ಅರ್ಧ ಎಂದೇ ಹೇಳಬಹುದು ಎಂಬ ಬಿಡುಗಡೆ ನನಗೆ ಸಿಕ್ಕಿದ್ದು ಆ ಭಯಂಕರ ಕಥೆಯಿಂದ.

ಅತಿಯಾದಾಗ

ಕೆಲವರು ನನ್ನ ಹಾಗೆ ತೀರಾ ಸಡಿಲ, ಕೆಲವರು ತೀರಾ ಬಿಗಿ. ಕ್ಷಮೆ ಕೇಳಿದ್ದು ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಕೇಳುತ್ತಾರೆ, ಮತ್ತೆ. ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಟ್ಟರೆ ಜ್ವರ ಇಳಿಯುವುದಿಲ್ಲ. ಅಂಥವರಿಗೆ 1 ಯೋಹಾನ 3:20: ನಮ್ಮ ಹೃದಯವೇ ನಮ್ಮನ್ನು ತಪ್ಪಿತಸ್ಥರೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು. ಒಮ್ಮೆ ಹೇಳಿದ ಪಾಪವನ್ನು ಎರಡನೇ ಸಲ ಹೇಳಬೇಡಿ, ಅದರ ಬದಲು ಈ ವಚನ ಹೇಳಿ. ಊಟ ನಿದ್ದೆ ಬಿಟ್ಟುಹೋಗುವಷ್ಟು ಇದು ಕಾಡುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅದು ನಂಬಿಕೆಯ ಕೊರತೆಯಲ್ಲ, ನರ್ಸ್ ಆಗಿ ಹೇಳುತ್ತಿದ್ದೇನೆ.

ಎಲ್ಲವನ್ನೂ ಬಲ್ಲವನು ಎಂಬ ಮಾತನ್ನೇ ಪೇತ್ರನೂ ಯೋಹಾನ 21ರಲ್ಲಿ ಹೇಳುತ್ತಾನೆ. ಯೇಸುವನ್ನು ಹಿಡಿದೊಯ್ದ ರಾತ್ರಿ, ಮೂರು ಸಲ ಅವರನ್ನು ಅರಿಯೆನೆಂದ ಪೇತ್ರ ಚಳಿ ಕಾಯಿಸುತ್ತಿದ್ದದ್ದು ಇದ್ದಲಿನ ಬೆಂಕಿಯ ಬಳಿ. ಸತ್ತು ಎದ್ದ ಮೇಲೆ ಸರೋವರದ ದಡದಲ್ಲಿ ಯೇಸು ಮೀನು ಸುಡುತ್ತಿದ್ದದ್ದೂ ಇದ್ದಲಿನ ಬೆಂಕಿಯ ಮೇಲೆಯೇ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡು ಕಡೆ ಮಾತ್ರ. ಅದೇ ಹೊಗೆಯ ವಾಸನೆ ಮೂಗಿಗೆ ಬಡಿದಿರಬೇಕು. ಯಾಕೆ ಹಾಗೆ ಮಾಡಿದೆ ಎಂದು ಯೇಸು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೊದಲು ಎಲ್ಲರಿಗಿಂತ ಹೆಚ್ಚು ಎಂದು ಕೊಚ್ಚಿಕೊಂಡಿದ್ದವನು ಈಗ “ನಿನಗೆ ಎಲ್ಲ ಗೊತ್ತು” ಎನ್ನುತ್ತಾನೆ. ಪ್ರಾರ್ಥನೆಗೆ ಬೇರೆ ಮಾತು ಹೊಳೆಯದ ರಾತ್ರಿ ನಾನು ಇದನ್ನೇ ಸಾಲ ತೆಗೆದುಕೊಳ್ಳುತ್ತೇನೆ.

ಕಳೆದ ತಿಂಗಳು ಮತ್ತೊಂದು 2 ಗಂಟೆಯ ಬಿಪಿ ತಪ್ಪಿತು. 3:10ಕ್ಕೆ ನೆನಪಾಗಿ ಓಡಿದೆ, ನಿದ್ದೆಗೆಡಿಸಿದ್ದಕ್ಕೆ ರೋಗಿ ಗೊಣಗಿದರು. ಚಾರ್ಟಿನಲ್ಲಿ “2 ಗಂಟೆಗೆ ನೋಡಿಲ್ಲ, 3:10ಕ್ಕೆ ನೋಡಿದ್ದು” ಎಂದು ಬರೆದು ಸಹಿ ಹಾಕಿದೆ. ಕಾರಣ ಬರೆಯಲು ಪಕ್ಕದಲ್ಲಿ ಜಾಗವಿತ್ತು. “ಮರೆತೆ” ಎಂದು ಬರೆದೆ. ಬೆಳಿಗ್ಗೆ ರೌಂಡ್ಸಿನಲ್ಲಿ ಎಲ್ಲರೆದುರು ಬೈಸಿಕೊಂಡೆ. ಕೆನ್ನೆ ಬಿಸಿಯಾಯಿತು. ಮನೆಗೆ ಹೋಗಿ ಮಧ್ಯಾಹ್ನದ ತನಕ ನಿದ್ದೆ ಮಾಡಿದೆ.