ಕಾಫಿ ಪಲ್ಪರ್ ಮೋಟರ್‌ನಲ್ಲಿ ತಿರುಗಿಸಿ ನೋಡಿ ತಂದ ಗೇರ್‌ಬಾಕ್ಸ್

ನಮ್ಮ ಮಹೀಂದ್ರ ಎಂಎಂ540 ಜೀಪಿಗೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಕೂರಿಸಿ ಎರಡು ಮಳೆಗಾಲ ಕಳೆಯಿತು. ಇದುವರೆಗೆ ಒಂದು ಸಲವೂ ಗೇರ್ ಹಾರಿಲ್ಲ, ಅಂದರೆ ಹಾಕಿದ ಗೇರ್ ತಾನಾಗಿ ಬಿಟ್ಟುಕೊಂಡಿಲ್ಲ. ಗುಜರಿ ಬಾಕ್ಸ್ ನಂಬಬೇಡ, ಜೀಪನ್ನೇ ಮಾರಿಬಿಡು ಅಂತ ಹೇಳಿದವರು ಊರಲ್ಲಿ ಕಡಿಮೆ ಇರಲಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಜೀಪು 1991ರದು. ಪೂಜೋ ಎಕ್ಸ್‌ಡಿಪಿ 4.90 ಎಂಜಿನ್, ಕೆಎಂಟಿ90 ನಾಲ್ಕು ಗೇರಿನ ಬಾಕ್ಸ್, ಅದರ ಬೆನ್ನಿಗೆ ಎಂಜಿನ್ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಡಾನಾ 18 ಟ್ರಾನ್ಸ್‌ಫರ್ ಕೇಸ್. ತೋಟ ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಮೇಲಿನ ತೋಟಕ್ಕೆ ಹೋಗಲು ಆ ಕೇಸಿನ ಲೋ (ನಿಧಾನ ಓಟ, ಹೆಚ್ಚು ಎಳೆತ) ಹಾಕದೆ ಆಗುವುದೇ ಇಲ್ಲ. ಒಂದು ದಿನ ಗೊಬ್ಬರದ ಮೂಟೆ ಹೇರಿಕೊಂಡು ಇಳಿಯುವಾಗ ಎರಡನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂತು. ಕೆಳಗೆ ಕೆರೆ. ಅವತ್ತು ಬ್ರೇಕ್ ಹಿಡಿಯಿತು ಅಷ್ಟೇ.

ಮೊದಲು ಇದ್ದ ಬಾಕ್ಸನ್ನೇ ಬಿಚ್ಚಿಸಿದೆ. ಸಿಂಕ್ರೋ ರಿಂಗ್ (ಗೇರ್ ಸಲೀಸಾಗಿ ಕೂರಿಸುವ ಹಿತ್ತಾಳೆ ಬಳೆ), ಬೇರಿಂಗ್, ಲೇ ಶಾಫ್ಟ್ (ಕೆಳಗಿನ ಗೇರುಗಳನ್ನು ಹೊತ್ತ ಶಾಫ್ಟ್), ಸೂಜಿ ರೋಲರ್ ಎಲ್ಲ ಹೊಸದು. ಕೂಲಿ ಸೇರಿ ಸುಮಾರು 14,000 ರೂಪಾಯಿ. ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಆಮೇಲೆ ನೋಡಿದರೆ ಕೇಸಿಂಗ್‌ನಲ್ಲಿ ಲೇ ಶಾಫ್ಟ್ ಕೂರುವ ತೂತೇ ಮೊಟ್ಟೆ ಆಕಾರಕ್ಕೆ ಸವೆದಿತ್ತು. ಮನೆಯೇ ಸರಿ ಇಲ್ಲದಿದ್ದರೆ ಒಳಗೆ ಹೊಸ ಸಾಮಾನು ಹಾಕಿ ಏನು ಪ್ರಯೋಜನ, ಅಲ್ವಾ?

ಎರಡನೇ ಪೆಟ್ಟು ಫೋನಿನಲ್ಲಿ ಬಿತ್ತು. ಬೆಂಗಳೂರಿನ ಒಬ್ಬ ವ್ಯಾಪಾರಿ ಫೋಟೋ ಕಳಿಸಿ "ಸೇಮ್ ಬಾಕ್ಸ್ ಸಾರ್" ಅಂದರು. 11,000 ಹಾಕಿದೆ. ಬಸ್ಸಿನಲ್ಲಿ ಪಾರ್ಸೆಲ್ ಬಂತು. ಗೋಣಿ ಬಿಚ್ಚಿದರೆ ಟೂ ವೀಲ್ ಡ್ರೈವ್ ಬಾಕ್ಸ್. ಹಿಂದೆ ಉದ್ದನೆಯ ಬಾಲ, ಟ್ರಾನ್ಸ್‌ಫರ್ ಕೇಸ್ ಕೂರಿಸಲು ಜಾಗವೇ ಇಲ್ಲ. ಫೋಟೋವನ್ನು ಮುಂದಿನಿಂದ ಮಾತ್ರ ತೆಗೆದಿದ್ದರು. ಅದನ್ನು 7,000ಕ್ಕೆ ಮಾರಿ ಕೈತೊಳೆದುಕೊಂಡೆ. ಅವತ್ತಿನಿಂದ ನಾನು ಕೇಳುವ ಮೊದಲ ಫೋಟೋ ಬಾಕ್ಸಿನ ಹಿಂಭಾಗದ್ದು.

ಮೂರನೆಯದು ಫೋರ್ ವೀಲ್ ಬಾಕ್ಸೇ. 9,000ಕ್ಕೆ ಬರೀ ಗೇರ್‌ಬಾಕ್ಸ್ ತಂದು ನನ್ನ ಹಳೇ ಡಾನಾ 18ಕ್ಕೆ ಜೋಡಿಸಿದೆ. ಕೂತಿತು, ಓಡಿತು, ಆದರೆ ಟ್ರಾನ್ಸ್‌ಫರ್ ಕೇಸಿನಿಂದ ಸೈರನ್ ತರಹ ಕೂಗು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಮೇನ್ ಶಾಫ್ಟ್ ತುದಿಯ ಗೇರ್ ಅವರದು, ಅದಕ್ಕೆ ಸಿಕ್ಕುವ ಗೇರ್ ನನ್ನದು. ಬೇರೆ ಬೇರೆ ಕಡೆ ಸವೆದ ಹಲ್ಲುಗಳು ಒಂದಕ್ಕೊಂದು ಹೊಂದಲಿಲ್ಲ. ಸಾಲದ್ದಕ್ಕೆ ಎರಡನ್ನೂ ಬೇರೆ ಮಾಡುವಾಗ ಮೇನ್ ಶಾಫ್ಟ್ ಹಿಂದಕ್ಕೆ ಎಳೆದುಕೊಂಡು ಬಂದು ಸಿಂಕ್ರೋದ ಸ್ಪ್ರಿಂಗು, ಪ್ಲೇಟು ಎಲ್ಲ ಒಳಗೆ ಉದುರಿದವು. ಮೇಲಿನ ಕವರ್ ತೆಗೆದು, ಶಾಫ್ಟಿಗೆ ಒಂದು ತಂತಿ ಸುತ್ತಿ, ಕವರ್ ಬೋಲ್ಟಿಗೆ ಬಿಗಿಯಾಗಿ ಕಟ್ಟಿ ಆಮೇಲೆ ಎಳೆಯಬೇಕಿತ್ತು. ಎಲ್ಲ ಉದುರಿದ ಮೇಲೆ ಕಲಿತ ಪಾಠ ಅದು.

ಇಷ್ಟಾದ ಮೇಲೆ ತೀರ್ಮಾನ ಮಾಡಿದೆ. ತಂದರೆ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಜೋಡಿಯಾಗಿಯೇ ತರಬೇಕು. ಒಂದೇ ಗಾಡಿಯದು, ಯಾರೂ ಬಿಚ್ಚದೇ ಇರುವುದು. ಬೊಲೆರೊದ ಐದು ಗೇರಿನ ಬಾಕ್ಸ್ ಹಾಕು ಅಂತ ಭಾವ ಬಹಳ ಒತ್ತಾಯ ಮಾಡಿದರು. ಮಾಡಿದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಡಾನಾ 18ರಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಒಂದು ಬದಿಗೆ ಹೊರಡುತ್ತದೆ, ಹಿಂದಿನ ಡಿಫರೆನ್ಷಿಯಲ್ಲೂ ಅದೇ ಬದಿಗಿದೆ. ಟ್ರಾನ್ಸ್‌ಫರ್ ಕೇಸ್ ಬದಲಾಯಿಸಿದರೆ ಆಕ್ಸಲ್, ಪ್ರೊಪೆಲ್ಲರ್, ಕ್ರಾಸ್ ಮೆಂಬರ್ ಎಲ್ಲ ಬದಲಾಗಬೇಕು. ಅದು ಬೇರೆಯೇ ಖರ್ಚಿನ ದಾರಿ.

ಗುಜರಿಯಲ್ಲಿ ನಾನು ನೋಡುವುದು ಇಷ್ಟು. ಡಾನಾ 18ರ ಹಿಂದೆ ಪಿಟಿಒ (ಬೇರೆ ಯಂತ್ರ ಓಡಿಸುವ ಜೋಡಣೆ) ಜಾಗ ಮುಚ್ಚುವ ತಟ್ಟೆ ಇದೆಯಲ್ಲ, ಅದನ್ನು ಬಿಚ್ಚಿಸುತ್ತೇನೆ. ಮೇನ್ ಶಾಫ್ಟ್ ಗೇರು, ಅದರ ನಟ್ಟು ಕಣ್ಣಿಗೇ ಕಾಣುತ್ತವೆ. ನಟ್ಟಿನ ಮೇಲೆ ಉಳಿ ಏಟಿನ ಗುರುತಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ತಳದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಹಿತ್ತಾಳೆ ಬಣ್ಣದ ಮಿನುಗು ಸ್ವಲ್ಪ ಇದ್ದರೆ ಪರವಾಗಿಲ್ಲ, ಉಕ್ಕಿನ ಚೂರು ಸಿಕ್ಕರೆ ಎದ್ದು ಬರುತ್ತೇನೆ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಸಲು ನನ್ನ ಹಳೇ ಕ್ಲಚ್ ಪ್ಲೇಟನ್ನೇ ಜೊತೆಗೆ ಒಯ್ಯುತ್ತೇನೆ, ಹಾಕಿ ನೋಡಿದರೆ ಮುಗಿಯಿತು. ಆ ಶಾಫ್ಟಿನ ತುದಿಯ ಮೂಗಿನ ದಪ್ಪ, ಉದ್ದಕ್ಕೆ ವರ್ನಿಯರ್ ಇಡುತ್ತೇನೆ. ಲೇ ಶಾಫ್ಟ್ ಸವೆತವನ್ನು ಬಿಚ್ಚದೇ ಹಿಡಿಯುವ ಇನ್ನೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಾರುವವರೂ ಓದುತ್ತಾರೆ.

ಆದರೂ ಕಣ್ಣಿನ ಪರೀಕ್ಷೆ ಸಾಲದು. ಇಳಿಸಿ, ಹತ್ತಿಸಿ, ಓಡಿಸಿ ನೋಡಿದರೆ ಪ್ರತಿ ಸಲ ಕೂಲಿಯೇ ನಾಲ್ಕೈದು ಸಾವಿರ. ಆಗ ಹೊಳೆದದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟರ್. ಐದು ಎಚ್‌ಪಿ, ತ್ರೀ ಫೇಸ್, ನಿಮಿಷಕ್ಕೆ 1440 ಸುತ್ತು. ಕೊಯ್ಲು ಮುಗಿದ ಮೇಲೆ ಸುಮ್ನೆ ಬಿದ್ದಿರುತ್ತದೆ. "ಎಂತ ಮಾರಾಯಾ, ಕಾಫಿ ಮೋಟರಲ್ಲಿ ಗೇರ್‌ಬಾಕ್ಸ್ ತಿರುಗಿಸ್ತೀಯಾ?" ಅಂತ ನಮ್ಮ ಮೆಕ್ಯಾನಿಕ್ ಕೇಳಿದರು.

ಮೊದಲ ದಿನ ಅವರ ಮಾತೇ ನಿಜವಾಯಿತು. ಇನ್‌ಪುಟ್ ಶಾಫ್ಟಿಗೆ ನೇರ ಪುಲ್ಲಿ ಹಾಕಿ ಬೆಲ್ಟ್ ಎಳೆದೆ. ಇಡೀ ಬಾಕ್ಸ್ ಗಡಗಡ. ಆ ಶಾಫ್ಟಿನ ಮೂಗಿಗೆ ಫ್ಲೈವೀಲಿನ ಪೈಲಟ್ ಬುಷ್ಷೇ ಆಸರೆ, ಅದಿಲ್ಲದೆ ಬೆಲ್ಟ್ ಪಕ್ಕಕ್ಕೆ ಎಳೆದರೆ ಯಾವ ಬಾಕ್ಸಾದರೂ ಕೂಗುತ್ತದೆ. ಆಮೇಲೆ ಎರಡು ಪ್ಲಮ್ಮರ್ ಬ್ಲಾಕಿನ (ಬೇರಿಂಗ್ ಇರುವ ಆಸರೆ) ಮೇಲೆ ಬೇರೆ ಶಾಫ್ಟ್ ಕೂರಿಸಿದೆ. ಹಳೇ ಕ್ಲಚ್ ಪ್ಲೇಟಿನ ನಡುವಿನ ಹಬ್ ಕತ್ತರಿಸಿ ಅದರ ತುದಿಗೆ ವೆಲ್ಡ್ ಮಾಡಿಸಿದೆ, ಒಳಗೆ ಪೈಲಟ್ ಬುಷ್ ಕೊಟ್ಟೆ. ಪುಲ್ಲಿ ಅಳತೆ ಬದಲಿಸಿ 700 ಸುತ್ತಿಗೆ ಇಳಿಸಿದೆ. ಆಗಲೂ ಶಬ್ದ ಸರಿ ಇರಲಿಲ್ಲ. ನೋಡಿದರೆ ಉಲ್ಟಾ ತಿರುಗುತ್ತಿತ್ತು. ಎರಡು ಫೇಸ್ ಅದಲುಬದಲು ಮಾಡಿದ ಮೇಲೆ ಬಾಕ್ಸ್ ತಣ್ಣಗೆ ಓಡಿತು. ಸ್ಟ್ಯಾಂಡಿಗೆ ಒಟ್ಟು ಖರ್ಚು ಹತ್ತಿರ ಹತ್ತಿರ 4,000.

ಖಾಲಿ ತಿರುಗಿಸಿದರೆ ಬೇರಿಂಗ್ ಶಬ್ದ ತಿಳಿಯುತ್ತದೆ, ಗೇರ್ ಹಾರುವುದು ತಿಳಿಯುವುದಿಲ್ಲ. ಅದಕ್ಕೆ ಹಿಂದಿನ ಫ್ಲ್ಯಾಂಜಿಗೆ ಹಳೇ ಬ್ರೇಕ್ ಡ್ರಮ್ ಬಿಗಿದು, ಸುತ್ತ ಕ್ಯಾನ್ವಾಸ್ ಬೆಲ್ಟ್ ಹಾಕಿ, ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಎಳೆದೆ. ಲೋಡ್ ಬಂತು. ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿ ಕೇಸಿಂಗ್ ಮೇಲೆ, ಇನ್ನೊಂದು ಕಿವಿಗೆ. ಡ್ರಮ್ಮಿನ ಮೇಲೆ ಚಾಕ್ ಗೆರೆ ಹಾಕಿ ಹೈ ಮತ್ತು ಲೋ ಸುತ್ತುಗಳನ್ನೂ ಎಣಿಸಿದೆ. ಹೆಚ್ಚು ಕಡಿಮೆ ಎರಡೂವರೆ ಪಟ್ಟು ವ್ಯತ್ಯಾಸ ಬಂತು. ಡಾನಾ 18ರ ಲೋ 2.46, ಲೆಕ್ಕ ಸರಿ.

ಹಾಸನದ ಕಡೆಯ ಒಂದು ಗುಜರಿಯವರು ಎಂಟು ದಿನದಲ್ಲಿ ವಾಪಸ್ ಕೊಡಬಹುದು ಅಂತ ಒಪ್ಪಿದರು. ಯಾವ ಗುಜರಿ ಅಂತ ಕೇಳಬೇಡಿ. ಮೊದಲು ತಂದ ಜೋಡಿ ಖಾಲಿ ಓಟದಲ್ಲಿ ಬೆಣ್ಣೆ. ಬೆಲ್ಟ್ ಎಳೆದು ಬಿಟ್ಟ ನಾಲ್ಕನೇ ಸಲಕ್ಕೆ ಮೂರನೇ ಗೇರ್ ಟಕ್ ಅಂತ ಹಾರಿತು. ವಾಪಸ್. ಎರಡನೇ ಜೋಡಿಯನ್ನು ಎರಡು ದಿನ ಒಟ್ಟು ಆರು ಗಂಟೆ ಓಡಿಸಿದೆ. ನಮ್ಮ ಮೆಕ್ಯಾನಿಕ್ ಬಂದು ತಾವೇ ಬೆಲ್ಟ್ ಎಳೆದು ನೋಡಿದರು. ಒಂದೂ ಹಾರಲಿಲ್ಲ. 26,000 ಕೊಟ್ಟೆ. ಸೀಲು, ಎಣ್ಣೆ, ಮೌಂಟಿಂಗ್ ರಬ್ಬರಿಗೆ ಇನ್ನೊಂದು ಮೂರು ಸಾವಿರ. ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ನನ್ನದೇ ಹಾಕಿದೆ.

ಗೇರ್ ಎಣ್ಣೆ ಜಿಎಲ್4 ದರ್ಜೆಯದು, 90 ನಂಬರ್. ಹಿತ್ತಾಳೆ ರಿಂಗ್ ಇರುವ ಬಾಕ್ಸಿಗೆ ನಾನು ಜಿಎಲ್5 ಹಾಕುವುದಿಲ್ಲ. ಹಳ್ಳ ದಾಟುವಾಗ ನೀರು ಹೋಗಬಾರದು ಅಂತ ಬ್ರೀದರಿಗೆ (ಬಾಕ್ಸಿನ ಗಾಳಿ ತೂತು) ಪೈಪ್ ಹಾಕಿ ಎಂಜಿನ್ ಹಿಂದಿನ ತಗಡಿನ ಮೇಲಕ್ಕೆ ಒಯ್ದಿದ್ದೇನೆ. ಇದು ಚೆನ್ನಾಗಿ ಕೆಲಸ ಮಾಡಿತು.

ಸೋರಿಕೆ ಮಾತ್ರ ಪೂರ್ತಿ ನಿಂತಿಲ್ಲ. ಡಾನಾ 18ರ ಇಂಟರ್‌ಮೀಡಿಯೇಟ್ ಶಾಫ್ಟ್ ಕೊನೆಯಲ್ಲಿ ಎಣ್ಣೆ ಜಿನುಗುವುದು ಎಲ್ಲರಿಗೂ ಗೊತ್ತು. ಲೇತ್‌ನಲ್ಲಿ ಶಾಫ್ಟಿನ ಸುತ್ತ ತೋಡು ಹೊಡೆಸಿ ಓ ರಿಂಗ್ ಹಾಕಿದ್ದೇನೆ. ಮೊದಲು ರಾತ್ರಿ ಬೆಳಗಾಗುವುದರಲ್ಲಿ ಅಂಗೈಯಗಲ ಎಣ್ಣೆ ನಿಲ್ಲುತ್ತಿತ್ತು, ಈಗ ವಾರಕ್ಕೆ ಎರಡು ತೊಟ್ಟು. ಮುಂದಿನ ಸಲ ತೋಡಿನ ಆಳ ಸ್ವಲ್ಪ ಕಡಿಮೆ ಮಾಡಿಸಿ ನೋಡುತ್ತೇನೆ.